ಮೂರನೇ ಪದರು

ಶಹಾಬಾದ
೧೪ ಅಕ್ಟೋಬರ್ ೧೯೩೫

ಸೈದಾನಬಿ,

ನಿನ್ನ ಸೋಲಾಪುರದ ವಿಳಾಸ ಗುಂಡಗುರ್ತಿಯ ಸಾಯಬಣ್ಣನಿಂದ ಸಿಕ್ಕಿತು. ಅವನು ಅಲ್ಲಿಯ ಬಟ್ಟೆ ಗಿರಣಿ ಬಿಟ್ಟು ದಸರೆಗೆ ಮೊದಲೇ ಊರಿಗೆ ಬಂದಿದ್ದಾನೆ. ನಿಮ್ಮ ಓಣಿಯಲ್ಲಿ ಮಡಿವಾಳಯ್ಯ ಎಂಬ ಜಂಗಮರಿದ್ದಾರೆಂದೂ, ಕನ್ನಡದ ಕಾಗದ ಬಂದವರಿಗೆಲ್ಲ ಓದಿ ಹೇಳುತ್ತಾರೆಂದೂ ಅವನೇ ತಿಳಿಸಿದ. ಅಯ್ಯನವರಿಗೆ ಶರಣು. ಬರೆದದ್ದನ್ನು ಬರೆದಂತೆ ಓದಬೇಕು; ನಡುವೆ ತಮ್ಮದೊಂದು ಮಾತು ಸೇರಿಸಬಾರದು.

ನಾಲ್ಕು ವರ್ಷ ನಾನು ಬರೆಯಲಿಲ್ಲ. ನೀನೂ ಬರೆಸಲಿಲ್ಲ. ಅದನ್ನು ಅಲ್ಲಿಗೆ ಬಿಡುತ್ತೇನೆ.

ಈಗ ಬರೆಯುವ ಕಾರಣ ನಮ್ಮ ಕಲ್ಲಿನ ಖಣಿಯದು. ಪೇಟೆ ಮತ್ತೆ ಉಸಿರಾಡುತ್ತಿದೆ. ಚಿತ್ತಾಪುರದ ತೊಗರಿಯನ್ನು ಕೇಳುವವರಿದ್ದಾರೆ. ಸೇಡಂನ ಹತ್ತಿ ಜಿನ್ನು ಮೂರು ವರ್ಷದ ಮೇಲೆ ಸೀಟಿ ಹಾಕಿತು. ತೊಗರಿ ಮಾರಿದವನು ಮನೆಗೆ ಹೋಗಿ ಮೊದಲು ನೆಲ ನೋಡುತ್ತಾನೆ, ಸಗಣಿ ಸಾರಿಸಿದ್ದು ಸಾಕು, ಫರಸಿ ಕಲ್ಲು ಹಾಸೋಣ ಅನ್ನುತ್ತಾನೆ. ವಾಡಿಯಲ್ಲಿ ಕಲ್ಲು ತುಂಬುವ ರೈಲು ಡಬ್ಬಿಗೆ ಈಗ ಸರದಿ ಕಾಯಬೇಕು. ಹೋದ ವರ್ಷ ಅದೇ ಹಳಿಗಳ ನಡುವೆ ಆಡು ಮೇಯುತ್ತಿದ್ದವು.

ನಮ್ಮ ಖಣಿಗೆ ನೀರೆತ್ತುವ ಹೊಸ ಇಂಜನ್ ತರಿಸಿದೆ. ಹಳೆಯದನ್ನು ಆ ಕೆಟ್ಟ ವರ್ಷ ನಾನೇ ಮಾರಿದ್ದು ನಿನಗೆ ಗೊತ್ತು. ಹದಿನೆಂಟು ದಿನ ನೀರು ಎತ್ತಿದರು. ಮೊದಲು ಮೀನು ಸಿಕ್ಕವು, ಆಮೇಲೆ ಯಾರದೋ ತುಕ್ಕು ಹಿಡಿದ ಹಾರಿ, ಆಮೇಲೆ ಕಲ್ಲು. ಮೂರನೇ ಪದರು ನಾವು ಬಿಟ್ಟ ಹಾಗೇ ಇದೆ. ಅದೇ ನೀಲಿ, ಒಂದು ಗೆರೆ ಬಿದ್ದಿಲ್ಲ.

ಆ ಪದರನ್ನು ಇಡಿಯಾಗಿ ಎಬ್ಬಿಸುವುದು ನಿನ್ನ ಗಂಡನಿಗೆ ಮಾತ್ರ ಗೊತ್ತು. ಸುತ್ತಿಗೆಯಿಂದ ಒಂದು ಸಲ ತಟ್ಟಿ, ತಲೆ ವಾರೆ ಮಾಡಿ ಕೇಳಿ, "ಇಲ್ಲಿ ಬ್ಯಾಡ, ಒಂದು ಗೇಣು ಆಚಿ" ಅನ್ನುತ್ತಿದ್ದ. ಅಲ್ಲಿ ಛೇಣಿ ಹೊಡೆದರೆ ಕಲ್ಲು ತಾನಾಗಿ ಮೇಲೇಳುತ್ತಿತ್ತು. ಇಪ್ಪತ್ತಾರು ವರ್ಷ ಲಾಲ್ ಅಹ್ಮದ ಈ ಖಣಿಯ ಉಸ್ತಾದ. ಇಪ್ಪತ್ತಾರು ವರ್ಷ ನೀನು ಅವನ ರೊಟ್ಟಿ ಗಂಟು ತಂದು ಕೊಟ್ಟು, ಹೋಗುವಾಗ ನನ್ನ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡವಳು. ಯಜಮಾನರು ತೀರಿ ಖಣಿ ನನ್ನ ಕೈಗೆ ಬಂದ ವರ್ಷವೂ ಅದು ತಪ್ಪಲಿಲ್ಲ.

ದೀಪಾವಳಿಯೊಳಗೆ ಉಸ್ತಾದನನ್ನು ಕರೆದುಕೊಂಡು ಬಾ. ಖಣಿಯ ಬದಿಗಿರುವ ನಿಮ್ಮ ಮನೆಯ ಮೇಲ್ಗಲ್ಲು ತೆಗೆಸಿ ಹೊಸದಾಗಿ ಹೊದಿಸಿದ್ದೇನೆ. ನೀವು ಹೇಳದೆ ಹೋದಿರಿ ಎಂಬುದನ್ನು ಇಲ್ಲಿ ಯಾರೂ ಎತ್ತಿ ಆಡುವುದಿಲ್ಲ.

ಇಷ್ಟು ತಿಳಿಸುವವಳು,
ಶರಣಬಸಮ್ಮ


ಶಹಾಬಾದ
೨ ಡಿಸೆಂಬರ್ ೧೯೩೫

ಸೈದಾನಬಿ,

ದೀಪಾವಳಿ ಹೋಯಿತು. ನೀವು ಬರಲಿಲ್ಲ, ಕಾಗದವೂ ಬರಲಿಲ್ಲ. ಟಪಾಲಿನಲ್ಲಿ ಕಳೆದಿರಬಹುದು ಎಂದುಕೊಂಡು ಮತ್ತೊಮ್ಮೆ ಬರೆಯುತ್ತಿದ್ದೇನೆ.

ಖಣಿ ಸುಮ್ಮನೆ ಬಿಡಲಾಗದೆ ತಾಂಡೂರಿನಿಂದ ಫಕೀರಸಾಬ ಎಂಬ ಮೇಸ್ತ್ರಿಯನ್ನು ಕರೆಸಿದೆ. ವಯಸ್ಸು ಮೂವತ್ತು, ಮೀಸೆ ಮಾತ್ರ ಐವತ್ತರದು. ಮೇಲಿನ ಪದರಿನಲ್ಲಿ ಮೊದಲ ದಿನದ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ನಿಂತ.

"ಎಷ್ಟು ಫರಸಿ ಎದ್ದವು?" ಎಂದೆ.

"ಹತ್ತೊಂಬತ್ತು ಎದ್ದಾವ್ರಿ."

"ಇಡೀ ಎಷ್ಟು?"

"ಹಂಗ ಕೇಳಿದ್ರ ನಾಕ್ರಿ."

ಬಾಗಿಲ ಹಿಂದೆ ನನ್ನ ಸೊಸೆ ಭಾಗಮ್ಮ ನಕ್ಕಳು. ನಾನು ತಿರುಗಿ ನೋಡಿದೆ, ಒಳಗೆ ಸರಿದಳು. "ನಾ ಮಂದಿ ಮನಿಗಿ ನೆಲ ಹಾಸಬೇಕೋ, ದಾರಿಗಿ ಜಲ್ಲಿ ಹಾಕಬೇಕೋ?" ಎಂದು ಫಕೀರಸಾಬನನ್ನು ಕೇಳಿದೆ. "ಈಗ ಜಲ್ಲಿಗೂ ಗಿರಾಕಿ ಅದಾರ್ರಿ ಅಮ್ಮಾ" ಅಂದ. ಮಾತಿನಲ್ಲಿ ಒಡಕಿಲ್ಲ, ಒಡಕೆಲ್ಲ ಕಲ್ಲಿನಲ್ಲಿ.

ಮೂರನೇ ಪದರನ್ನು ಅವನು ಮುಟ್ಟಬಾರದೆಂದು ಅದರ ಮೇಲೆ ಮೊಳಕಾಲುದ್ದ ಮಣ್ಣು ಹಾಕಿಸಿದ್ದೇನೆ. ಚಿಂಚೋಳಿಯ ಮಗ್ಗುಲಲ್ಲಿ, ಚಂದಾಪುರದಲ್ಲಿ ಮಾಣಿಕಪ್ಪ ಎಂಬವನು ಅಂಗಡಿ ಸಾಲು ಕಟ್ಟಿಸುತ್ತಿದ್ದಾನೆ. ಇಡೀ ಸಾಲಿಗೆ ಮೂರನೇ ಪದರಿನ ನೀಲಿ ಕಲ್ಲೇ ಬೇಕಂತೆ. ಬೇಸಿಗೆಯವರೆಗೆ ಕಾಯುತ್ತೇನೆ ಅಂದಿದ್ದಾನೆ.

ಬಿಟ್ಟು ಹೋದವರು ಒಬ್ಬೊಬ್ಬರಾಗಿ ತಿರುಗಿ ಬರುತ್ತಿದ್ದಾರೆ. ಕಲ್ಲು ಹೊರುವ ಹೆಂಗಸರು ದಿನಾ ಕೇಳುತ್ತಾರೆ, "ಸೈದಾನಬಿ ಎಂದ ಬರ್ತಾಳ್ರಿ?" ನಾನು "ಬರ್ತಾಳ" ಅನ್ನುತ್ತೇನೆ. ಸುಳ್ಳು ಹೇಳುವ ರೂಢಿ ನನಗಿಲ್ಲ. ಇದನ್ನು ನಿಜ ಮಾಡುವುದು ನಿನಗೆ ಸೇರಿದ್ದು.

ಉತ್ತರ ಬರುವುದೆಂದು ತಿಳಿದಿರುವ,
ಶರಣಬಸಮ್ಮ


ಸೋಲಾಪುರ
೧೦ ಜನವರಿ ೧೯೩೬

ಅಕ್ಕಾರಿಗಿ ಸೈದಾನಬಿ ಸಲಾಮ.

ಅಯ್ಯನೋರು ನಾ ಅಂದಂಗೇ ಬರೀತೀನಿ ಅಂದಾರ. ಅದಕ್ಕ ಎದುರು ಕುಂತು ಹೇಳ್ಲಿಕತ್ತೀನಿ.

ನಿಮ್ಮ ಎರಡೂ ಕಾಗದ ಮುಟ್ಟ್ಯಾವ್ರಿ. ನಾವು ಚಲೋ ಅದೀವಿ. ಇಲ್ಲೂ ಗಿರಣಿ ಈಗ ಎರಡು ಪಾಳಿ ನಡದಾವ. ಮಗಳು ಬಷೀರಾಗ ಮದವಿ ಆಗಿ ಗಂಡು ಕೂಸು ಆಗ್ಯಾದ. ನೀರು ನಳದಾಗ ಬರ್ತದ. ಮುಂಜಾನೆ ಜಗಳ ಆಡಿ ಹಿಡೀಬೇಕು. ನಾ ಆಡ್ತೀನಿ.

ನಮ್ಮವರು ಬರೂದಿಲ್ರಿ. ಬರ್ಲಿಕ್ಕ ಆಗೂದಿಲ್ಲ. ಇಲ್ಲಿ ಕೆಲಸ ಅದ.

ಮತ್ತ ಒಂದು ಮಾತು. ಹೇಳದೆ ಹೋದಿರಿ ಅಂತ ಬರದೀರಿ. ನಾ ಬಂದಿದ್ನಿರಿ. ಗಂಟು ಮೂಟಿ ಟೇಸನದಾಗ ಇಟ್ಟು, ಬಷೀರಾನ್ನ ಅದರ ಮ್ಯಾಗ ಕುಂದ್ರಿಸಿ, ಹೊಳ್ಳಿ ನಿಮ್ಮ ಮನಿಗಿ ಬಂದೆ. ಭಾಗಮ್ಮೋರು "ಅತ್ಯಾರು ಪೂಜಿಗಿ ಕುಂತಾರ" ಅಂದ್ರು. ಕಟ್ಟಿ ಮ್ಯಾಗ ಕುಂತೆ. ಬಿಸಲು ಕಟ್ಟಿತನ ಬಂತು. ಭಾಗಮ್ಮೋರು ಎರಡು ಸಲ ಬಂದು ನೋಡಿ ಒಳಗ ಹ್ವಾದ್ರು. ಗಾಡಿ ಸೀಟಿ ಕೇಳಿಸ್ತು, ಎದ್ದೆ. ಲಿಂಗ ಕೈಯಾಗ ಇರೂವಾಗ ನಿಮ್ಮನ್ನ ಕರೀಬಾರ್ದು ಅಂತ ನನಗ ಗೊತ್ತದ. ಇಪ್ಪತ್ತಾರು ವರ್ಷ ಕರದಿಲ್ಲ. ಅವತ್ತೂ ಕರೀಲಿಲ್ಲ.

ಹೇಳದೆ ಹೋಗಿಲ್ರಿ ನಾ.

ಹೆಬ್ಬಟ್ಟು: ಸೈದಾನಬಿ
(ಬರೆದವರು: ಮಡಿವಾಳಯ್ಯ)


ಶಹಾಬಾದ
೩ ಫೆಬ್ರವರಿ ೧೯೩೬

ಸೈದಾನಬಿ,

ಕೂಸಿನ ಸುದ್ದಿ ಕೇಳಿ ಸಂತೋಷವಾಯಿತು. ಭಾಗಮ್ಮ ಕುಂಚಿಗೆ ಹೊಲಿಯುತ್ತಿದ್ದಾಳೆ. ಪೂಜೆಯ ಮಾತಿಗೆ ಉತ್ತರ ಇನ್ನೊಮ್ಮೆ ಬರೆಯುತ್ತೇನೆ.

ಲಾಲ್ ಅಹ್ಮದನಿಗೆ ನನ್ನ ಮೇಲೆ ಸಿಟ್ಟಿದೆ. ಅದು ನನಗೆ ತಿಳಿಯುತ್ತದೆ. ಆ ವರ್ಷ ಹೈದರಾಬಾದಿನಲ್ಲಿ ಮನೆ ಕಟ್ಟುವುದು ನಿಂತು, ಕೇಳುವವರಿಲ್ಲದೆ ಫರಸಿ ರಾಶಿ ಬಿದ್ದಾಗ, ಅವನು ಹದಿನಾಲ್ಕು ಮನೆಯವರ ಪರವಾಗಿ ಬಂದು ನಿಂತಿದ್ದ. ಒಂದು ದಿನ ಬಿಟ್ಟು ಒಂದು ದಿನ ಕೆಲಸ ಕೊಡಿ, ಅರ್ಧ ಕೂಲಿ ಸಾಕು, ಖಣಿ ಮಾತ್ರ ಮುಚ್ಚಬೇಡಿ ಎಂದ.

"ಅರ್ಧ ಕೂಲಿ ಕೊಟ್ಟ ಮನಿ ಅನ್ನಿಸ್ಕೊಳ್ಳೂದಿಲ್ಲ ನಾ. ಕೊಟ್ರ ಪೂರಾ, ಇಲ್ಲಂದ್ರ ಬಂದ್" ಎಂದೆ.

"ಪೂರಾ ಯಾರು ಕೇಳ್ಯಾರ್ರಿ ಅಕ್ಕಾರ, ಅರ್ಧ ಹೊಟ್ಟ್ಯಾರ ತುಂಬ್ಲಿ" ಅಂದ.

ಮರುವಾರ ಇಂಜನ್ ಮಾರಿದೆ. ನೀರು ತುಂಬಿದ ಮೇಲೆ ಮತ್ತೆ ಯಾರೂ ಕೇಳಲು ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಮನೆತನದ ಹೆಸರು ಉಳಿಸಿದೆ ಎಂದುಕೊಂಡಿದ್ದೆ. ಹೆಸರು ಉಳಿಯಿತು, ಹದಿನಾಲ್ಕು ಮನೆ ಬಾಗಿಲು ಹಾಕಿಕೊಂಡು ಹೋದವು.

ಇಷ್ಟು ಬರೆದಿದ್ದೇನೆ ಎಂದರೆ ಸಿಟ್ಟು ಇಳಿಯಬೇಕು. ಮಾಣಿಕಪ್ಪ ಎರಡು ಸಲ ಆಳು ಕಳಿಸಿದ. ಉಸ್ತಾದ ಸಂಸಾರ ಎತ್ತಿಕೊಂಡು ಬರುವುದು ಬೇಡ, ಹದಿನೈದು ದಿನಕ್ಕೆ ಬರಲಿ. ಸುತ್ತಿಗೆ ಫಕೀರಸಾಬ ಹೊಡೆಯುತ್ತಾನೆ. ಇವನು ಖುರ್ಚಿ ಹಾಕಿಕೊಂಡು ಕುಳಿತು ಬೆರಳು ತೋರಿಸಿದರೆ ಆಯಿತು. ಕೈ ಎತ್ತುವುದೂ ಬೇಡ, ಕಿವಿ ಇದ್ದರೆ ಸಾಕು. ಅಷ್ಟೂ ಮಾಡಲಾಗದಷ್ಟು ದೊಡ್ಡವನಾಗಿದ್ದಾನೆಯೆ?

ಶರಣಬಸಮ್ಮ


ಸೋಲಾಪುರ
೧ ಮಾರ್ಚ್ ೧೯೩೬

ಅಕ್ಕಾರಿಗಿ ಸಲಾಮ.

ಕುಂಚಿಗಿ ಮುಟ್ಟ್ಯಾದ. ಕೂಸಿಗಿ ಸ್ವಲ್ಪ ದೊಡ್ಡದಾಗ್ತದ, ಬೆಳದು ತುಂಬ್ಕೊಂತಾನ.

ನಿಮ್ಮ ಕಾಗದ ಓದ್ತಾ ಓದ್ತಾ ಅಯ್ಯನೋರು ಒಂದು ಕಡಿ ನಿಂತ್ರು. ಕಿವಿ ಇದ್ರ ಸಾಕು ಅನ್ನೂ ಕಡಿ. ಓದ್ರಿ ಅಂದೆ. ಓದಿದ್ರು. ನಮ್ಮವರು ಅಲ್ಲೇ ಬಾಗಲದಾಗ ಕುಂತು ಮೊಮ್ಮಗನ ಕಾಲಿಗಿ ಎಣ್ಣಿ ತಿಕ್ಕಲಿಕತ್ತಿದ್ರು. "ಅಕ್ಕಾರು ಏನ್ ಬರದಾರ?" ಅಂತ ಕೇಳಿದ್ರು. ಎಲ್ಲಾರೂ ಚಲೋ ಅದಾರ ಅಂತ ಕೈ ಮಾಡಿ ತೋರಿಸ್ದೆ.

ಅಕ್ಕಾರ, ಅವರಿಗಿ ಕಿವಿ ಕೇಳಂಗಿಲ್ಲ.

ಇಲ್ಲಿ ಬಂದಾಗ ಸಾಂಚಾ ಖಾತ್ಯಾಗ ಕೆಲಸ ಸಿಕ್ತು. ಒಂದೇ ಛಪ್ಪರದ ಕೆಳಗ ನೂರಾರು ಸಾಂಚಾ, ಎಲ್ಲಾ ಒಮ್ಮಿಗೇ ಬಟ್ಟಿ ನೇಯ್ತಾವ. ಮೊದಲ ವರ್ಷ ಮನಿಗಿ ಬಂದು ಕಿವ್ಯಾಗ ಜೀರುಂಡಿ ಕುಂತಾದ ಅಂತಿದ್ರು. ನಾವು ನಗ್ತಿದ್ದೆವು. ಎರಡನೇ ವರ್ಷ ಕರದ್ರ ಹೊಳ್ಳಿ ನೋಡ್ಲಿಲ್ಲ. ಸಿಟ್ಟು ಮಾಡ್ಯಾರ ಅಂದ್ಕೊಂಡು ನಾನೂ ಎರಡು ದಿನ ಮಾತು ಬಿಟ್ಟೆ. ಮಾತು ಬಿಟ್ಟದ್ದೂ ಅವರಿಗಿ ಗೊತ್ತಾಗ್ಲಿಲ್ಲ. ಆಗ ತಿಳೀತು ನನಗ.

ಈಗ ಗಿರಣಿ ಅಂಗಳದಾಗ ಹತ್ತಿ ಗಂಟು ಹೊರ್ತಾರ.

ಖಣಿ ಮಂದಿಗಿ ಹೇಳಬ್ಯಾಡ್ರಿ. ಶಹಾಬಾದದಾಗ ಅವರು ಇನ್ನೂ ಉಸ್ತಾದ ಅದಾರ. ಅದೊಂದು ಇರ್ಲಿ.

ಹೆಬ್ಬಟ್ಟು: ಸೈದಾನಬಿ
(ಬರೆದವರು: ಮಡಿವಾಳಯ್ಯ)


ಶಹಾಬಾದ
೨೦ ಮೇ ೧೯೩೬

ಸೈದಾನಬಿ,

ಎರಡೂವರೆ ತಿಂಗಳು ಬರೆಯಲಿಲ್ಲ. ಮೂರು ಸಲ ಕುಳಿತು ಮೂರು ಸಲ ಎದ್ದೆ.

ನಿನ್ನ ಮಾತು ಕಾಯ್ದಿದ್ದೇನೆ. ಯಾರಿಗೂ ಹೇಳಿಲ್ಲ, ಮಗ ಬಸವಂತರಾಯನಿಗೂ ಹೇಳಿಲ್ಲ. ಮಾಣಿಕಪ್ಪನಿಗೆ ಕಲ್ಲು ಕೊಡುವುದಿಲ್ಲ ಎಂದು ತಿಳಿಸಿದೆ. ಅವನು ಬೇರೆ ಖಣಿಗೆ ಹೋದ. ಭಾಗಮ್ಮ ಹೀಗೆ ಎಂದೂ ನನ್ನೆದುರು ನಿಂತವಳಲ್ಲ. "ಪ್ಯಾಟಿ ತೆರದದ ಅತ್ಯಾರ, ನೀವು ಮಣ್ಣು ಹಾಕಿ ಮುಚ್ಚಿ ಕುಂತೀರಿ. ಯಾರ ಸಲುವಾಗಿ?" ಎಂದಳು.

ಮಡಿವಾಳಯ್ಯನವರೇ, ಇನ್ನು ಮುಂದಿನದನ್ನು ನಿಧಾನವಾಗಿ ಓದಿರಿ. ಇದು ನಿಮಗೂ ಕೇಳಲಿ. ತಪ್ಪು ಹೇಳಿಕೊಳ್ಳುವಾಗ ಒಬ್ಬ ಜಂಗಮ ಎದುರಿಗಿರುವುದು ಒಳ್ಳೆಯದು.

ಸೈದಾನಬಿ, ಅವತ್ತು ನೀನು ಬಂದಾಗ ನನ್ನ ಪೂಜೆ ಮುಗಿದಿತ್ತು. ಭಾಗಮ್ಮನಿಗೆ ಅದು ತಿಳಿಯದು. ನಿನ್ನ ದನಿ ಕೇಳಿ, ಕರಡಿಗೆಯಲ್ಲಿ ಇಡುತ್ತಿದ್ದ ಲಿಂಗವನ್ನು ಮತ್ತೆ ಅಂಗೈಗೆ ತೆಗೆದುಕೊಂಡೆ. ಲಿಂಗ ಕೈಯಲ್ಲಿರುವ ತನಕ ನನ್ನನ್ನು ಯಾರೂ ಕರೆಯಲಾರರು ಎಂದು ಗೊತ್ತಿದ್ದೇ ಹಾಗೆ ಕುಳಿತೆ. ಕಣ್ಣು ಮುಚ್ಚಿದ್ದೆ, ಒಳಗೆ ಒಂದು ಮಂತ್ರವೂ ಇರಲಿಲ್ಲ. ಹಣೆಯ ಭಸ್ಮ ಒಣಗಿ ಮಡಿಲಿಗೆ ಉದುರುತ್ತಿತ್ತು. ನೀನು ಕೆಮ್ಮಿದ್ದು ಕೇಳಿಸಿತು. ಭಾಗಮ್ಮ ನೀರು ಬೇಕೇ ಎಂದದ್ದು, ನೀನು ಬೇಡ ಅಂದದ್ದು ಕೇಳಿಸಿತು. ಸೀಟಿಯಾದ ಮೇಲೆ ನೀನು ಎದ್ದು ಸೆರಗು ಝಾಡಿಸಿದ್ದೂ ಕೇಳಿಸಿತು.

ಹೊರಗೆ ಬಂದಿದ್ದರೆ ಇರು ಎನ್ನಬೇಕಾಗುತ್ತಿತ್ತು. ಇರು ಅಂದರೆ ಅರ್ಧ ಕೂಲಿಗೆ ಒಪ್ಪಬೇಕಾಗುತ್ತಿತ್ತು. ನಾನು ಸೋಲುವುದನ್ನು ತಪ್ಪಿಸಿಕೊಳ್ಳಲು ದೇವರನ್ನು ಅಡ್ಡ ಹಿಡಿದೆ. ನನ್ನ ಅರ್ಧ ಕೂಲಿಯಲ್ಲಿ ಲಾಲ್ ಅಹ್ಮದನ ಕಿವಿ ಉಳಿಯುತ್ತಿತ್ತು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಉತ್ತರ ಬೇಡ.

ಊರಿಗೆ ಹೊಸ ಮಂದಿ ಭಾಳ ಬಂದಿದ್ದಾರೆ. ಸಿಮೆಂಟಿನ ಕಡೆಯವರು, ರೈಲಿನ ಕಡೆಯವರು, ಎಲ್ಲರಿಗೂ ಕೆಲಸವಿದೆ. ಸಂಜೆ ಕಟ್ಟೆಯ ಮೇಲೆ ಕುಳಿತರೆ ನನ್ನ ಹತ್ತಿರ ಯಾರಾದರೂ ಬಂದೇ ಬರುತ್ತಾರೆ. ಎಲ್ಲರೂ ಏನಾದರೂ ಕೇಳಲು ಬಂದವರು. ಏನೂ ಕೇಳದೆ ಕುಳಿತಿದ್ದು ಹೋಗುತ್ತಿದ್ದವಳು ನೀನೊಬ್ಬಳೇ.

ಬನ್ನಿ. ಕೆಲಸಕ್ಕಲ್ಲ.

ನಿನ್ನ,
ಶರಣಬಸಮ್ಮ


ಸೋಲಾಪುರ
೧೪ ಜೂನ್ ೧೯೩೬

ಅಕ್ಕಾರಿಗಿ ಸಲಾಮ.

ನೀವು ಕರದದ್ದು ಅವರಿಗಿ ಕೈ ಮಾಡಿ ತಿಳಿಸ್ದೆ. "ನಿಂತು ಹುಕುಂ ಮಾಡಿದ ಜಾಗಾದಾಗ ಕುಂತು ತಿನ್ನೂದು ನನ್ನಿಂದ ಆಗಂಗಿಲ್ಲ" ಅಂದ್ರು. ತಮ್ಮ ದನಿ ತಮಗ ಕೇಳಂಗಿಲ್ಲಲ್ರಿ, ಭಾಳ ಜೋರ ಮಾತಾಡ್ತಾರ. ಇಡೀ ಓಣಿಗಿ ಗೊತ್ತಾಯ್ತು.

ನಾವು ಬರೂದಿಲ್ರಿ. ಬಷೀರಾ ಇಲ್ಲೇ ಅದಾಳ. ಮೊಮ್ಮಗ ಅಜ್ಜನ ತುಟಿ ನೋಡಿ ನಗ್ಲಿಕತ್ಯಾನ. ನಾವು ಇಲ್ಲಿಯವರೇ ಆಗಿ ಹ್ವಾದೆವು ಅನಸ್ತದ.

ಪೂಜಿ ಮಾತಿಗಿ ಉತ್ರ ಬ್ಯಾಡ ಅಂದೀರಿ, ಕೊಡೂದಿಲ್ಲ. ಕೆಮ್ಮಿದ್ದು ನಿಮಗ ಕೇಳಿಸಿತ್ತು ಅಂದ್ರಲ್ಲ. ನಾ ಅಲ್ಲಿ ಕುಂತದ್ದು ನಿಮಗ ಗೊತ್ತಿತ್ತೋ ಇಲ್ಲೋ ಅಂತ ಐದು ವರ್ಷ ಅನ್ನಸ್ತಿತ್ತು.

ಹೆಬ್ಬಟ್ಟು: ಸೈದಾನಬಿ
(ಬರೆದವರು: ಮಡಿವಾಳಯ್ಯ)


ಸೋಲಾಪುರ
೬ ಅಕ್ಟೋಬರ್ ೧೯೩೬

ಚಿರಂಜೀವಿ ಭಾಗಮ್ಮನಿಗೆ,

ಮಠದ ಕೆಲಸವಿದೆ ಎಂದು ಹೇಳಿ ನಾನು ಸೋಲಾಪುರಕ್ಕೆ ಬಂದೆ. ಮಠದಲ್ಲಿ ಇಳಿದುಕೊಂಡಿರುವುದು ನಿಜ. ಕೆಲಸ ಬೇರೆ. ಯಾರ ಸಲುವಾಗಿ ಎಂದು ನೀನು ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರ ಈಗ ಬರೆಯುತ್ತಿದ್ದೇನೆ, ಬಸವಂತರಾಯನಿಗೂ ಓದಿ ಹೇಳು.

ದಾರಿ ಕೇಳುತ್ತ ಸೈದಾನಬಿಯ ಓಣಿ ಹುಡುಕಿದೆ. ನನ್ನ ವಯಸ್ಸಿನಲ್ಲಿ ದಾರಿ ಕೇಳುವುದು ಹೊಸ ಅಭ್ಯಾಸ. ನಳದ ಹತ್ತಿರ ಯಾರೋ ಹೆಂಗಸು ಕೊಡ ಹಿಡಿದು ನಾಲ್ಕು ಮಂದಿಯ ಜೊತೆ ಒಬ್ಬಳೇ ಜಗಳ ಆಡುತ್ತಿದ್ದಳು. ದನಿಯಿಂದಲೇ ಗುರುತು ಹಿಡಿದೆ. ನನ್ನನ್ನು ನೋಡಿ ಕೊಡ ಕೆಳಗಿಟ್ಟಳು. ಕೂದಲು ಪೂರಾ ಬೆಳ್ಳಗಾಗಿದೆ.

"ಯಾಕ ಬಂದ್ರಿ ಅಕ್ಕಾರ?" ಎಂದಳು.

"ಕರೀಲಿಕ್ಕ ಬಂದಿಲ್ಲ."

"ಮತ್ತ?"

ರೈಲಿನಲ್ಲಿ ಇದಕ್ಕೆ ಒಂದು ಮಾತು ಜೋಡಿಸಿಕೊಂಡು ಬರಬೇಕಿತ್ತು. "ಕುಂದರ್ಲಿಕ್ಕ ಬಂದೀನಿ" ಅಂದೆ.

"ನಮ್ಮ ಖೋಲಿ ಸಣ್ಣದದ್ರಿ, ಸಾವಕಾರ್ತಿ ಹಿಡಿಸಂಗಿಲ್ಲ" ಅಂದಳು. ಹಾಗಂದು ಮುಂದೆ ನಡೆದು ಬಾಗಿಲು ತೆರೆದು ಚಾಪೆ ಝಾಡಿಸಿ ಹಾಸಿದಳು. ಚಹಾ ಮಾಡಿ ನನ್ನ ಮುಂದಿಟ್ಟು ಬೇರೆ ಕಡೆ ಮುಖ ಮಾಡಿ ಕುಳಿತಳು. ಕುಡಿದೆ. ಇದನ್ನು ಮಠದಲ್ಲಿ ಹೇಳಿಲ್ಲ, ನೀನೂ ಊರಲ್ಲಿ ಹೇಳಬೇಡ.

ಪಾಳಿ ಮುಗಿಸಿ ಲಾಲ್ ಅಹ್ಮದ ಬಂದ. ಭಾಗಮ್ಮ, ಅವನಿಗೆ ಕಿವಿ ಕೇಳಿಸುವುದಿಲ್ಲ. ಗಿರಣಿಯಲ್ಲಿ ಹೋಯಿತು. ಯಾರಿಗೂ ಹೇಳಬಾರದೆಂದು ಸೈದಾನಬಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮೂರನೇ ಪದರಿನ ಮೇಲೆ ಮಣ್ಣು ಹಾಗೇ ಬಿಟ್ಟದ್ದು ಅದಕ್ಕೆ. ಅವನಿಂದ ಇನ್ನು ಆಗದ ಕೆಲಸವನ್ನು ಬೇರೆಯವನು ಮಾಡುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಕಾಗದದಲ್ಲಿ ಬರೆಯದ ಈ ಕಾರಣವನ್ನು ಸೈದಾನಬಿಗೆ ಅಲ್ಲೇ ಹೇಳಿದೆ, ಅವಳು ಮಣ್ಣಿನ ಸಂಗತಿಯೆಲ್ಲ ಕೈ ಮಾಡಿ ಅವನಿಗೆ ತಿಳಿಸಿದಳು.

ಅವನು ನಕ್ಕ. ಅಕ್ಕಪಕ್ಕದ ಬಾಗಿಲುಗಳಲ್ಲಿ ಮಂದಿ ಇಣುಕಿದರು, ಅಷ್ಟು ಜೋರು.

"ಮಣ್ಣು ಹಾಕೀರೇನ್ರಿ? ಕಲ್ಲಿಗಿ ಥಂಡಿ ಹತ್ತಿತ್ತೇನ್ರಿ ಅಕ್ಕಾರ?"

ಸೈದಾನಬಿಯತ್ತ ಬೆರಳು ಮಾಡಿ ಅವನೇ ಮುಂದುವರಿಸಿದ.

"ಎಲ್ಲಾರಿಗೂ ಹೇಳ್ರಿ, ಉಸ್ತಾದ ಕಿವುಡ ಆಗ್ಯಾನಂತ. ಈಕಿ ಮುಚ್ಚಿಡ್ತಾಳ, ನಾ ಒದರ್ತೀನಿ. ಆ ತಾಂಡೂರದವಗ ಪದರು ಬಿಡ್ರಿ. ನಾ ಮೊದಲ ವರ್ಷ ಎಷ್ಟು ಒಡದೀನಿ ನಿಮ್ಮ ಯಜಮಾನ್ರು ನಿಮಗ ಹೇಳಿಲ್ಲ. ನಿಮ್ಮ ಹಿತ್ತಲ ಗ್ವಾಡಿ ಅದ ನೋಡ್ರಿ, ಅದು ಪೂರಾ ನಾ ಒಡದ ಕಲ್ಲು."

ನೀನು ಆ ಗೋಡೆಯ ಹತ್ತಿರ ಹೋಗಿ ನೋಡು. ಮೂವತ್ತು ವರ್ಷ ಅದರ ಮೇಲೆ ಸೀರೆ ಒಣಹಾಕಿದ್ದೇನೆ. ಅಡ್ಡಕ್ಕೆ ಸೀಳಿದ ಫರಸಿಗಳೇ ಎಂದು ಈಗ ನೆನಪಿಗೆ ಬರುತ್ತಿದೆ. ಯಜಮಾನರು ಒಂದು ದಿನವೂ ಈ ಮಾತು ಎತ್ತಲಿಲ್ಲ.

ಇನ್ನು ಹೇಳುವುದನ್ನು ಗಮನವಿಟ್ಟು ಮಾಡು. ಮಳೆನೀರು ಎತ್ತಿ ಮುಗಿದ ಕೂಡಲೇ ಮಣ್ಣು ತೆಗೆಸು. ಮೂರನೇ ಪದರನ್ನು ಫಕೀರಸಾಬನಿಗೆ ಒಪ್ಪಿಸು. ಒಡೆದರೆ ಒಡೆಯಲಿ. ದಂಡೆಯ ಮೇಲೆ ನಿಂತು ಯಾರೂ ಅವನನ್ನು ಬೈಯಬಾರದು, ಎಷ್ಟು ಇಡೀ ಎದ್ದವು ಎಂದು ಸಂಜೆ ಕೇಳಬಾರದು. ಇನ್ನು ಮುಂದೆ ಪೇಟೆ ಬಿದ್ದರೆ, ಬೀಳದೆ ಇರುವುದಿಲ್ಲ, ಖಣಿ ಮುಚ್ಚುವುದಿಲ್ಲ. ಒಂದು ದಿನ ಬಿಟ್ಟು ಒಂದು ದಿನ ನಡೆಯುತ್ತದೆ. ಇದನ್ನು ನಾನು ಹೇಳಿದೆನೆಂದು ಕೆಲಸದವರೆಲ್ಲರ ಎದುರಿಗೆ ಬಸವಂತರಾಯ ಹೇಳಬೇಕು.

ಗುರುವಾರ ಬರುತ್ತೇನೆ ಎಂದಿದ್ದೆ. ಗುರುವಾರ ಟೇಸನಕ್ಕೆ ಗಾಡಿ ಕಳಿಸಬೇಡ.

ದಿನಾ ಮುಂಜಾನೆ ಪೂಜೆ, ಊಟ ಮಠದಲ್ಲಿ ಮುಗಿಸಿ ಇವರ ಖೋಲಿಗೆ ಬರುತ್ತೇನೆ. ಹೆಚ್ಚು ಮಾತಿಲ್ಲ. ಸೈದಾನಬಿ ಅಕ್ಕಿ ಆರಿಸುತ್ತಾಳೆ, ಕೂಸು ನನ್ನ ತೊಡೆಯ ಮೇಲೆ ಮಲಗುತ್ತದೆ. ನಿನ್ನೆ ಸಂಜೆ ಅವಳು "ಎಂದ ಹೋಗ್ತೀರಿ?" ಎಂದು ಕೇಳಿದಳು. ನಾನು ಹೇಳಲಿಲ್ಲ. ಇವತ್ತು ಕೇಳಲಿಲ್ಲ.

ನಿನ್ನ ಅತ್ತೆ,
ಶರಣಬಸಮ್ಮ